ಹೊಂದುತ್ತದೆ ಎಂದು ಬರೆದವಳು

೧೪ ಮಾರ್ಚ್, ಸೋಮವಾರ

ಪ್ರೀತಿಯ ಮೇಷ್ಟ್ರೇ,

‘ಪ್ರೀತಿಯ’ ಎಂದು ಅಭ್ಯಾಸಬಲದಿಂದ ಬರೆದುಬಿಟ್ಟೆ. ಹೊಡೆದುಹಾಕಿದರೆ ಕಾಗದ ಗಲೀಜಾಗುತ್ತದೆ, ಇರಲಿ ಬಿಡಿ. ನಾನಿಲ್ಲಿ ಕ್ಷೇಮವಾಗಿಲ್ಲ. ನಿಮ್ಮ ಕ್ಷೇಮ ವಿಚಾರಿಸುವ ಮನಸ್ಸೂ ಇವತ್ತು ನನಗಿಲ್ಲ.

ನೀವು ಮನೆ ಬಿಟ್ಟು ಎಂಟು ತಿಂಗಳಾದರೂ ನಮ್ಮ ಕೆಲಸ ಮಾತ್ರ ನಿಂತಿರಲಿಲ್ಲ. ಸಂಸಾರ ಕೆಟ್ಟರೂ ಕೀಬೋರ್ಡ್ ಕೆಡಲಿಲ್ಲ ಎಂದು ನಾನೇ ತಮಾಷೆ ಮಾಡಿಕೊಳ್ಳುತ್ತಿದ್ದೆ. ನೀವು ಅಲ್ಲಿ ಕೀಬೋರ್ಡಿನ ಸರ್ಕ್ಯೂಟ್ ಬೋರ್ಡ್ ಗೀಚಿ, ಮಾಡಿಸಿ, ಕಳಿಸುತ್ತಿದ್ದಿರಿ. ಯಾವ ಕೀ ಒತ್ತಿದರೆ ಯಾವ ಅಕ್ಷರ ಬರಬೇಕು ಎಂದು ಆ ಬೋರ್ಡಿಗೆ ಹೇಳಿಕೊಡುವ ಫರ್ಮ್‌ವೇರನ್ನು ನಾನು ಇಲ್ಲಿ ಬರೆಯುತ್ತಿದ್ದೆ. ಮುಚ್ಚುಮರೆ ಇಲ್ಲದ ಪ್ರೋಗ್ರಾಂ ಅದು. ಯಾರು ಬೇಕಾದರೂ ತೆಗೆದುಕೊಂಡು ತಮ್ಮ ಕೈಗೆ ತಕ್ಕಂತೆ ತಿದ್ದಿಕೊಳ್ಳಬಹುದು. ಯಾವ ಬೋರ್ಡಿಗೆ ಫರ್ಮ್‌ವೇರಿನ ಯಾವ ಫೈಲ್ ಎಂದು ನಾವಿಬ್ಬರೂ ಸೇರಿ ಜಾಲತಾಣದಲ್ಲಿ ಹಾಕಿದ ಪಟ್ಟಿಯನ್ನು ಜನ ಕಣ್ಣುಮುಚ್ಚಿ ನಂಬುತ್ತಿದ್ದರು.

ಆ ನಂಬಿಕೆಗೆ ಕಾರಣ ನೀವು ಮಾಡಿದ ಕಟ್ಟಳೆ. ಫೈಲನ್ನು ಬೋರ್ಡಿಗೆ ಕೈಯಾರೆ ತುಂಬಿ, ಅರವತ್ತೆಂಟು ಕೀಗಳನ್ನೂ ಒಂದೊಂದಾಗಿ ಒತ್ತಿ ನೋಡದೆ ‘ಹೊಂದುತ್ತದೆ’ ಎಂದು ಬರೆಯಕೂಡದು. ಒಮ್ಮೆ ನಾನು ಅರ್ಧ ಒತ್ತಿ ಚಹಾ ಕುಡಿಯಲು ಎದ್ದದ್ದಕ್ಕೆ, ಮೊದಲಿನಿಂದ ಶುರುಮಾಡು ಅಂತ ಮತ್ತೆ ಕೂರಿಸಿದಿರಿ. ಅವತ್ತೇ ನಿಮಗೆ ಮೇಷ್ಟ್ರು ಅಂತ ಹೆಸರಿಟ್ಟದ್ದು.

ಜನವರಿಯಲ್ಲಿ ಆ ನೇರಳೆ ಬೋರ್ಡ್ ಬಂತು, ಜೊತೆಗೆ ನಿಮ್ಮ ಕಾಗದ. ಬಣ್ಣ ಮಾತ್ರ ಬೇರೆ, ಹಳೇ ಫೈಲೇ ಸಾಕು, ಬೇಗ ಪಟ್ಟಿಗೆ ಸೇರಿಸು ಎಂದು ಬರೆದಿದ್ದಿರಿ. ಇವಿಷ್ಟು ಬೋರ್ಡು ಖಾಲಿಯಾದ ಕೂಡಲೇ ಮನೆಗೆ ಬರುತ್ತೇನೆ, ನನ್ನ ಅರ್ಧ ಮೇಜು ತೆರವು ಮಾಡಿಡು ಎಂಬುದು ಕೊನೆಯ ಸಾಲು. ನಾನು ಮೇಜು ತೆರವು ಮಾಡಿದೆ. ಅದರ ಮೇಲಿದ್ದ ಹೊಲಿಗೆ ಯಂತ್ರವನ್ನು ಒಬ್ಬಳೇ ಎಳೆದು ಅಡುಗೆಮನೆ ಬಾಗಿಲಲ್ಲಿಟ್ಟೆ. ಈಗಲೂ ದಿನಕ್ಕೊಮ್ಮೆ ಎಡವುತ್ತೇನೆ. ನಿಮ್ಮ ಮಾತು ನಂಬಿ, ಒಂದು ಕೀಯನ್ನೂ ಒತ್ತಿ ನೋಡದೆ, ‘ಹೊಂದುತ್ತದೆ’ ಎಂದು ಬರೆದೆ.

ಕರಡು ತಿದ್ದುವ ಆ ಹೆಂಗಸು ನೆನಪಿರಬೇಕು. ಮುದ್ರಣಯಂತ್ರಕ್ಕೆ ಬಲಗೈಯ ಮೂರು ಬೆರಳು ಕೊಟ್ಟು, ಅದೇ ಮುದ್ರಣಾಲಯಕ್ಕೆ ಮನೆಯಿಂದ ಕೆಲಸ ಮಾಡಿಕೊಡುವವರು. ಒಂದೇ ಕೀಯನ್ನು ತಟ್ಟಿದರೆ ಒಂದಕ್ಷರ, ಒತ್ತಿ ಹಿಡಿದರೆ ಇನ್ನೊಂದು, ಹೀಗೆ ಎಡಗೈ ಒಂದರಲ್ಲೇ ಎಲ್ಲ ಬರೆಯುವಂತೆ ಅವರಿಗಾಗಿ ಜೋಡಿಸಿಕೊಟ್ಟಿದ್ದೆ. ಹಳೇ ಬೋರ್ಡ್ ಸವೆದಿತ್ತು. ನಮ್ಮ ಪಟ್ಟಿ ನೋಡಿ ನೇರಳೆ ಬೋರ್ಡ್ ತರಿಸಿದರು, ಫೈಲ್ ತುಂಬಿದರು. ಬೋರ್ಡ್ ಅದನ್ನು ನುಂಗಿ ಮಲಗಿದ್ದು ಮತ್ತೆ ಏಳಲೇ ಇಲ್ಲ. ಹನ್ನೊಂದು ದಿನ ಕೆಲಸ ನಿಂತು, ಕೈಯಲ್ಲಿದ್ದ ಪುಸ್ತಕವನ್ನು ಮುದ್ರಣಾಲಯದವರು ಬೇರೆಯವರಿಗೆ ಕೊಟ್ಟರು. ಮುಂದಿನದು ಕೊಡುತ್ತಾರೋ ಇಲ್ಲವೋ ಗೊತ್ತಿಲ್ಲ. ಫೋನಿನಲ್ಲಿ ನನ್ನನ್ನು ಬೈಯಲಿಲ್ಲ. ನಾನೇ ಏನೋ ತಪ್ಪು ಮಾಡಿರ್ಬೇಕು ಮೇಡಂ, ನಿಮ್ಮ ಪಟ್ಟಿ ಸುಳ್ಳಾಗೋಕೆ ಸಾಧ್ಯ ಇಲ್ವಲ್ಲ ಅಂದರು.

ಸತ್ತ ಬೋರ್ಡನ್ನು ತರಿಸಿಕೊಂಡು ಭೂತಗನ್ನಡಿಯಡಿ ಹಿಡಿದೆ. ಅದರ ಮೇಲಿನ ಚಿಪ್‌ನ ಆಕಾರ ಅದೇ, ಕಾಲುಗಳ ಲೆಕ್ಕವೂ ಅದೇ, ಆದರೆ ಅದು ನಮ್ಮ ಫೈಲಿಗೆ ಒಗ್ಗುವ ಚಿಪ್ ಅಲ್ಲ. ಗೊತ್ತಾಗಬಾರದೆಂದು ಚಿಪ್‌ನ ಬೆನ್ನ ಮೇಲಿನ ಹೆಸರನ್ನು ಉಜ್ಜಿ ಅಳಿಸಿದ್ದೀರಿ. ಕೈತಪ್ಪಿ ಆದದ್ದು ಎಂದು ಹೇಳಬೇಡಿ ಮೇಷ್ಟ್ರೇ, ಕೈತಪ್ಪುವವರು ಉಪ್ಪುಕಾಗದ ಹಿಡಿದು ಕೂರುವುದಿಲ್ಲ.

ನಿಮ್ಮ ತಂಗಿಗೆ ಫೋನ್ ಮಾಡಿದೆ. ಪಾಪ, ಅವಳಿಗೆ ಮುಚ್ಚಿಡಬೇಕೆಂದು ಯಾರೂ ಹೇಳಿರಲಿಲ್ಲ. ಅಣ್ಣ ನವೆಂಬರಲ್ಲೇ ಚಿಪ್ ವ್ಯಾಪಾರಿ ಜೊತೆ ಎರಡು ವರ್ಷದ ಕರಾರು ಮಾಡ್ಕೊಂಡ, ಇಲ್ಲೇ ಮನೆನೂ ಹಿಡಿದ, ನಿಮಗೆ ಹೇಳಿಲ್ವಾ ಅತ್ತಿಗೆ ಅಂದಳು. ಆ ವ್ಯಾಪಾರಿಯ ಚಿಪ್‌ಗೆ ಆತನದೇ ಬೀಗ ಹಾಕಿದ ಪ್ರೋಗ್ರಾಂ ಅಂತೆ, ಹೊರಗಿನವರು ತಿದ್ದುವ ಹಾಗೇ ಇಲ್ಲವಂತೆ. ನಮ್ಮ ಜನ ಅಂಥ ಬೋರ್ಡನ್ನು ಮುಟ್ಟುವುದಿಲ್ಲ ಎಂದು ನಿಮಗೆ ಗೊತ್ತು. ಮುಟ್ಟಿಸಲು ನಿಮಗೆ ನನ್ನ ಕೈಯ ಒಂದು ಪದ ಬೇಕಿತ್ತು. ನವೆಂಬರಿನಲ್ಲಿ ಅಲ್ಲಿ ಮನೆ ಹಿಡಿದವರು ಜನವರಿಯಲ್ಲಿ ನನಗೆ ಮೇಜು ತೆರವು ಮಾಡಲು ಹೇಳಿದಿರಿ. ಬೋರ್ಡಿನದು ಹಾಳಾಗಲಿ, ಆ ಒಂದು ಸಾಲನ್ನು ಹೇಗೆ ಬರೆದಿರಿ? ಜಗಳವಾಡಿ ಹೋದಿರೆಂದು ನನಗೆ ಇಷ್ಟು ನೋವಾಗಿರಲಿಲ್ಲ. ಬರುತ್ತೇನೆ ಎಂದು ಬರೆದು ನನ್ನನ್ನು ಬಳಸಿಕೊಂಡಿರಲ್ಲ, ಅದು ಕರುಳು ಕೊಯ್ಯುತ್ತಿದೆ.

ನಾನು ಬಳಸುತ್ತಿದ್ದ ಕೀಬೋರ್ಡನ್ನೇ ಎಡಗೈಗೆ ಜೋಡಿಸಿ ಕರಡು ತಿದ್ದುವವರಿಗೆ ಕಳಿಸಿದ್ದೇನೆ. ಪಟ್ಟಿಯಿಂದ ನೇರಳೆ ಬೋರ್ಡ್ ತೆಗೆದಾಗಿದೆ. ಚಿಪ್ ಬದಲಿಸಿದ್ದನ್ನು, ಹೆಸರು ಅಳಿಸಿದ್ದನ್ನು ಶುಕ್ರವಾರದೊಳಗೆ ನೀವೇ ಅಲ್ಲಿ ಬರೆಯಿರಿ. ಇಲ್ಲವಾದರೆ ನಾನು ಬರೆಯುತ್ತೇನೆ, ಏನನ್ನೂ ಬಿಡುವುದಿಲ್ಲ. ಮನೆಗೆ ಬರುವ ಮಾತನ್ನು ಇನ್ನು ಎತ್ತಬೇಡಿ.

ಇಂತಿ,
ನಿಮ್ಮ ಮಾತಿಗೆ ಸಹಿ ಹಾಕಿದವಳು

ಮರೆತ ಮಾತು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ನೀವು ಕಳಿಸಿದ ಬೋರ್ಡಿಗೆ ಬಂದ ದಿನವೇ ಫೈಲ್ ತುಂಬಿದ್ದೆ. ಅದೂ ಸತ್ತಿತು. ಅಳಿಸಿದ ಹೆಸರನ್ನೂ ಅವತ್ತೇ ಕಂಡೆ. ಬೋರ್ಡನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿ, ನಿಮ್ಮ ಕಾಗದದ ಕೊನೆಯ ಸಾಲನ್ನು ಇನ್ನೊಮ್ಮೆ ಓದಿ, ‘ಹೊಂದುತ್ತದೆ’ ಎಂದು ಬರೆದೆ. ಕರಡು ತಿದ್ದುವವರಿಗೆ ಇದನ್ನು ಹೇಳಿಲ್ಲ. ನಿನ್ನೆ ಫೋನ್ ಮಾಡಿ, ಬೇಜಾರು ಮಾಡ್ಕೋಬೇಡಿ ಮೇಡಂ, ನೀವೇನು ಬೇಕೂಂತ ಮಾಡಿದ್ರಾ ಅಂತ ಅವರೇ ನನಗೆ ಸಮಾಧಾನ ಹೇಳಿದರು. ನಾನು ಹೂಂ ಅಂದೆ.