ಹೊಂಗೆಮರದ ಬುಡದ ಡಬ್ಬಿ

ನನ್ನ ತಮ್ಮ ರುದ್ರೇಶನಿಗೆ, ನಿನ್ನ ಅಕ್ಕ ಬರೆಯುತ್ತಿರುವುದು.

ಹೇಗಿದ್ದೀಯ ಎಂದು ಕೇಳುವ ಹಾಗಿಲ್ಲ. ಕೇಳಿದರೂ ನಿಜ ಹೇಳುವವನಲ್ಲ ನೀನು. ಎದೆ ಹಿಂಡುತ್ತಿದ್ದಾಗಲೂ ಬರೀ ಗ್ಯಾಸು ಕಣಕ್ಕ ಎಂದವನು. ಇರಲಿ. ಈಗ ಹೇಳಬೇಕಾದ ಮಾತು ನನ್ನದು. ನಾಲ್ಕು ವರ್ಷದ ಹಿಂದೆ ಹಿರಿಯರ ಹಬ್ಬದ ದಿನ ನಿನ್ನ ಸಮಾಧಿಯ ಮೇಲೆ ಒಂದು ಹಿಡಿ ಮಣ್ಣು ಹಾಕಿ, ಅಮ್ಮನ ಹತ್ತಿರದ್ದು ಕಣೋ, ಇನ್ನು ನೆಮ್ಮದಿಯಾಗಿ ಮಲಗು ಎಂದಿದ್ದೆನಲ್ಲ, ಆ ಮಣ್ಣು ಅಮ್ಮನದಲ್ಲ.

ನೀನು ಆ ಹಳದಿ ಸೆಟ್ಟನ್ನು ಮೊದಲ ಸಲ ಮನೆಗೆ ತಂದದ್ದು ನೆನಪಿದೆಯಾ? ವೈಟ್‌ಫೀಲ್ಡಿನ ಕಂಪನಿಗೆ ನೀನು ಆಗ ಕ್ಯಾಬ್ ಓಡಿಸುತ್ತಿದ್ದೆ. ಹೊರದೇಶದಿಂದ ಬಂದಿದ್ದ ಯಾರೋ ಸಾಹೇಬರು ವಾಪಸ್ ಹೋಗುವಾಗ ಕೊಟ್ಟು ಹೋದರು ಎಂದೆ. ಸೋಪಿನ ಬಿಲ್ಲೆಗಿಂತ ಸ್ವಲ್ಪ ದೊಡ್ಡದು, ಜಿಪಿಎಸ್ ಎಂದು ಅದರ ಹೆಸರು. ಯಾರೋ ಒಬ್ಬರು ಎಲ್ಲೋ ಒಂದು ಡಬ್ಬಿ ಬಚ್ಚಿಟ್ಟು, ಆ ಜಾಗದ ಅಂಕಿಗಳನ್ನು ವೆಬ್‌ಸೈಟಿನಲ್ಲಿ ಹಾಕುತ್ತಾರಂತೆ; ಗೊತ್ತಿಲ್ಲದವರು ಈ ಸೆಟ್ಟು ಹಿಡಿದು ಹುಡುಕಿಕೊಂಡು ಹೋಗಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಏನಾದರೂ ಸಣ್ಣ ಸಾಮಾನು ಇಟ್ಟು ಬರುತ್ತಾರಂತೆ. ನಾನು ನಕ್ಕಿದ್ದೆ. ಮೀಸೆ ಬಂದ ಗಂಡಸರು ಬಿಸಿಲಲ್ಲಿ ಡಬ್ಬಿ ಹುಡುಕುತ್ತಾರಾ ಎಂದು. ಜಿಯೋಕ್ಯಾಷಿಂಗ್ ಅನ್ನಬೇಕು ಅಕ್ಕ ಎಂದು ನೀನು ಎರಡು ಸಲ ಹೇಳಿಸಿದೆ. ನಾನು ಡಬ್ಬಿ ಆಟ ಎಂದೇ ಅಂದೆ.

ಅದಾದ ಮೇಲೆ ಒಂದು ಭಾನುವಾರ ನನ್ನನ್ನು ಹಳೇ ಹೊಲಕ್ಕೆ ಕರೆದುಕೊಂಡು ಹೋದೆ. ಮಹದೇವಪುರದ ಆಚೆ ಇದ್ದ ಆ ಹೊಲವನ್ನು ಅಪ್ಪ ಮಾರಿ ಎಷ್ಟೋ ವರ್ಷವಾಗಿತ್ತು. ಕೊಂಡವರು ಪಾಳು ಬಿಟ್ಟಿದ್ದರು. ಮೂಲೆಯ ಹೊಂಗೆಮರ, ಅದರ ಕೆಳಗೆ ಮಣ್ಣು ಮಾಡಿದ್ದ ಅಮ್ಮನ ತಲೆ ಹತ್ತಿರ ಒಂದು ಕಲ್ಲು, ಕಾಲ ಹತ್ತಿರ ಒಂದು ಕಲ್ಲು, ಎಲ್ಲ ಹಾಗೇ ಇತ್ತು. ನೀನು ಹಳೇ ಸ್ಟೀಲ್ ಟಿಫಿನ್ ಡಬ್ಬಿಯೊಂದನ್ನು ಬೇರಿನ ಸಂದಿಗೆ ತುರುಕಿ, ಮೇಲೆ ಒಣ ಎಲೆ ಮುಚ್ಚಿದೆ. ಇದೇನೋ ಅಮ್ಮನ ತಲೆ ಮೇಲೆ ನಿನ್ನ ಆಟ ಎಂದು ನಾನು ಬೈದೆ. ಆಗ ನೀನು ಹೇಳಿದ್ದು:

"ನಾವು ಬರೋದು ವರ್ಷಕ್ಕೊಂದ್ಸಲ ಅಕ್ಕ. ಇದಿಟ್ರೆ ಯಾರಾದ್ರೂ ಬರ್ತಾನೇ ಇರ್ತಾರೆ. ಅಮ್ಮಂಗೆ ಬೇಜಾರಾಗಲ್ಲ."

ನಾನೂ ಬಗ್ಗಿ ಇನ್ನೆರಡು ಒಣ ಎಲೆ ಮುಚ್ಚಿದೆ. ವೆಬ್‌ಸೈಟಿನಲ್ಲಿ ಆ ಡಬ್ಬಿಯ ಹೆಸರಿನ ಕೆಳಗೆ ನೀನು ಹಾಕಿದ ಒಂದೇ ಸಾಲು, 'ಹೊಸಬರಿಗೆ ಸುಲಭ'.

ನೀನು ಹೋದ ಮಧ್ಯಾಹ್ನವನ್ನು ನಾನು ಬರೆಯುವುದಿಲ್ಲ. ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಒರಗಿಸಿಕೊಂಡಿದ್ದವನನ್ನು ನೋಡಿ ಉಳಿದ ಡ್ರೈವರುಗಳು ನಿದ್ದೆ ಮಾಡುತ್ತಿದ್ದಾನೆ ಎಂದುಕೊಂಡರಂತೆ. ಅಷ್ಟು ಸಾಕು. ನನ್ನನ್ನೂ ಅಮ್ಮನ ಪಕ್ಕಾನೇ ಮಲಗಿಸಿ ಎಂದು ನೀನು ತಮಾಷೆಗೆ ಹೇಳುತ್ತಿದ್ದದ್ದನ್ನು ನಿನ್ನ ಹೆಂಡತಿ ಸರೋಜ ಮರೆತಿರಲಿಲ್ಲ. ಆದರೆ ಅಷ್ಟು ಹೊತ್ತಿಗೆ ಹೊಲಕ್ಕೆ ತಗಡಿನ ಬೇಲಿ ಬಿದ್ದಿತ್ತು. ನಾವು ಹೆಣ ಎಂದ ತಕ್ಷಣ ಗೇಟಿನವನು ಕೈಮುಗಿದು ಬೇಡ ಎಂದ. ಊರ ರುದ್ರಭೂಮಿಯಲ್ಲಿ ಗುಣಿ ತೆಗೆಸಿದೆವು. ಅಲ್ಲಿ ನಿಂತು ನಾನು ಹೇಳಿದೆ, ನಿನ್ನನ್ನು ಅಮ್ಮನ ಹತ್ತಿರ ಕರೆದೊಯ್ಯಲಾಗಲಿಲ್ಲ, ಅಮ್ಮನ ಮಣ್ಣನ್ನೇ ನಿನ್ನ ಹತ್ತಿರ ತರುತ್ತೇನೆ ಎಂದು.

ಕಾರ್ಯ ಮುಗಿಸಿ ಹೊಲಕ್ಕೆ ಹೋಗಿ ನೋಡಿದರೆ ಹೊಂಗೆಮರ ಇಲ್ಲ. ಕಲ್ಲಿಲ್ಲ, ಬದುವಿಲ್ಲ. ಅಕ್ಕಪಕ್ಕದವರ ಹೊಲಗಳನ್ನೂ ಸೇರಿಸಿ ಜೆಸಿಬಿ ಒಂದೇ ಸಮ ಮಾಡಿತ್ತು. ಹುಟ್ಟಿ ಬೆಳೆದ ಜಾಗದಲ್ಲಿ ಎತ್ತ ಮುಖ ಮಾಡಿ ನಿಲ್ಲಬೇಕೆಂದು ನನಗೆ ತಿಳಿಯಲಿಲ್ಲ. ಆಗ ಸರೋಜಳೇ ಅಂದಳು, ಅಂಕಿಗಳು ಇವೆಯಲ್ಲ ಅಕ್ಕ ಎಂದು.

ನಿನ್ನ ಸೆಟ್ಟು ಕ್ಯಾಬಿನ ಜೊತೆಗೇ ಎಲ್ಲಿ ಹೋಯಿತೋ. ಜೊತೆಯಲ್ಲಿ ಡಬ್ಬಿ ಹುಡುಕುತ್ತಿದ್ದ ಫಯಾಜ್ ದುಬೈಗೆ ಹೋಗಿಬಿಟ್ಟಿದ್ದ. ನಮ್ಮಿಬ್ಬರದೂ ಗುಂಡಿ ಫೋನು; ನಾವಿಬ್ಬರೇ ಅಂಥ ಸೆಟ್ಟು ಹುಡುಕಿಕೊಂಡು ಹೊರಟೆವು. ಮಾಲಿನಲ್ಲಿ ಕಾರಿಗೆ ಹಾಕುವ ಸೆಟ್ಟು ತೋರಿಸಿದರು. ಎಡಕ್ಕೆ ತಿರುಗಿ, ಬಲಕ್ಕೆ ತಿರುಗಿ ಎಂದು ಹೆಂಗಸಿನ ದನಿಯಲ್ಲಿ ಹೇಳುತ್ತದೆ, ರಸ್ತೆಯೇ ಇಲ್ಲದ ಹೊಲಕ್ಕೆ ಹೋಗು ಎಂದರೆ ಸುಮ್ಮನಾಗುತ್ತದೆ. ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ಹತ್ತಿ ಇಳಿದೆವು. ನಿನ್ನದರಂಥದೇ ಹಳೇ ಹಳದಿ ಸೆಟ್ಟು ಕೊನೆಗೆ ಒಂದು ಕಡೆ ಸಿಕ್ಕಿತು. ಗುಂಡಿಗಳು ಸವೆದು ಹೋಗಿದ್ದವು, ಅಂಕಿ ಒತ್ತಲು ಬರುತ್ತಿರಲಿಲ್ಲ. ಕಂಪ್ಯೂಟರಿನಿಂದ ಕಳಿಸಿದರೆ ಮಾತ್ರ ಒಳಗೆ ಹೋಗುತ್ತದೆ ಎಂದರು. ಅದರ ಕೇಬಲ್ಲು ಬೇರೆ ಥರ. ನಾನೇ ಹಳೇ ಕೇಬಲ್ಲಿಗೆ ತಂತಿ ಬೆಸುಗೆ ಹಾಕಿದೆ. ಪೀಣ್ಯದ ಫ್ಯಾಕ್ಟರಿಯಲ್ಲಿ ಅಷ್ಟು ವರ್ಷ ಮೋಟಾರಿಗೆ ತಂತಿಯ ಕಾಯಿಲ್ ಸುತ್ತಿದ್ದು ಅಷ್ಟಕ್ಕಾದರೂ ಬಂತು. ಆದರೆ ಆ ಕೇಬಲ್ಲಿನ ಮೂತಿ ಹಿಡಿಸುವ ತೂತೇ ಹೊಸ ಕಂಪ್ಯೂಟರುಗಳಲ್ಲಿ ಇಲ್ಲ. ಸಾಫ್ಟ್‌ವೇರೂ ಹೊಸದರಲ್ಲಿ ತೆರೆಯುವುದಿಲ್ಲ. ಬೀರುವಿನ ಪಕ್ಕ ಸೀರೆ ಮುಚ್ಚಿಟ್ಟಿದ್ದ ನಿನ್ನ ಹಳೇ ಕಂಪ್ಯೂಟರನ್ನೇ ಆಟೋದಲ್ಲಿ ಹಾಕಿಕೊಂಡು ಮತ್ತೆ ಅದೇ ಅಂಗಡಿಗೆ ಹೋದೆವು. ಮಗುವನ್ನು ಆಸ್ಪತ್ರೆಗೆ ಕರೆದೊಯ್ಯುವ ಹಾಗೆ ಸರೋಜ ಅದನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದಳು.

ಅಂಗಡಿಯವನು ಒಳ್ಳೆಯವನು ಕಣೋ. ಊಟ ಬಿಟ್ಟು ಕೂತು ಸಾಫ್ಟ್‌ವೇರು ಹಾಕಿದ. ನೀನು ವೆಬ್‌ಸೈಟಿನಲ್ಲಿ ಕೊಟ್ಟ ಅಂಕಿಗಳನ್ನು ನಾನು ಓದಿದೆ, ಅವನು ಒತ್ತಿದ. ಕೊನೆಗೆ ಯಾವ ನಕ್ಷೆಯ ಲೆಕ್ಕ ಎಂದು ಅದು ಕೇಳಿತು. ಉದ್ದ ಪಟ್ಟಿ. ಮೊದಲೇ ಆರಿಸಿದ್ದುದು ಯಾವುದೋ ಅಕ್ಷರ, ಸಂಖ್ಯೆ. ಕೆಳಗೆ ಒಂದರಲ್ಲಿ ಇಂಡಿಯಾ ಎಂದು ಇತ್ತು.

"ನಾವಿರೋದು ಇಂಡಿಯಾದಲ್ಲಿ ತಾನೆ ಅಮ್ಮಾ?" ಎಂದ.

ಮೂವರೂ ನಕ್ಕೆವು. ಅವನು ಅದನ್ನು ಒತ್ತಿದ.

ಅಪಾರ್ಟ್‌ಮೆಂಟು ಕಟ್ಟಲೆಂದು ಸಮ ಮಾಡಿದ್ದ ಆ ನೆಲದಲ್ಲಿ ಸೆಟ್ಟಿನ ಬಾಣದ ಗುರುತು ನಮ್ಮನ್ನು ಕಾಂಪೌಂಡಿನ ಪಕ್ಕಕ್ಕೆ ಕರೆದೊಯ್ದಿತು. ತೋಟಕ್ಕೆಂದು ಬಿಟ್ಟ ಜಾಗ ಅದು, ಅಲ್ಲಿ ಏನೂ ಕಟ್ಟುವುದಿಲ್ಲ ಎಂದು ಮೇಸ್ತ್ರಿ ಹೇಳಿದಾಗ ಸರೋಜ ಅಲ್ಲೇ ಕೂತು ಅತ್ತಳು. ಅಮ್ಮ ಉಳಿದುಕೊಂಡಳು ಎಂದು. ಹಾಲು ತುಪ್ಪ ಬಿಟ್ಟೆವು, ದಾಸವಾಳದ ಕಡ್ಡಿ ನೆಟ್ಟೆವು, ಮಣ್ಣು ಸೆರಗಿಗೆ ಕಟ್ಟಿಕೊಂಡೆವು. ದೂರದಲ್ಲಿ ಜೆಸಿಬಿ ಆಳಕ್ಕೆ ತೋಡಿ ಲಾರಿಗೆ ತುಂಬುತ್ತಿತ್ತು. ಧೂಳು ಬರುತ್ತದೆ ಎಂದು ನಾನು ಆ ಕಡೆಗೆ ಬೆನ್ನು ಹಾಕಿ ಕೂತೆ. ರುದ್ರೇಶ, ನಾನು ಆ ಕಡೆಗೆ ಬೆನ್ನು ಹಾಕಿ ಕೂತಿದ್ದೆ.

ಹೋದ ತಿಂಗಳು ಫಯಾಜ್ ರಜದಲ್ಲಿ ಬಂದ. ನಿನ್ನ ಫೋಟೋದ ಮುಂದೆ ಬಹಳ ಹೊತ್ತು ನಿಂತಿದ್ದ. ಸೆಟ್ಟನ್ನು ತೋರಿಸಿದೆ, ಹೆಮ್ಮೆಯಿಂದಲೇ. ಅವನು ಅದರ ಅಂಕಿಗಳನ್ನೂ ಫೋನಿನಲ್ಲಿದ್ದ ನಿನ್ನ ಅಂಕಿಗಳನ್ನೂ ನೋಡಿದ, ಇನ್ನೊಂದು ಸಲ ನೋಡಿದ.

"ಅಕ್ಕಾ, ಇದನ್ನ ಹಾಕ್ಕೊಟ್ಟಿದ್ದು ಯಾರು?"

ಹಳೇ ಕಾಲದ ಸರ್ವೆ ನಕ್ಷೆಗಳ ಲೆಕ್ಕ ಒಂದಂತೆ, ಉಪಗ್ರಹದ ಲೆಕ್ಕ ಇನ್ನೊಂದಂತೆ. ಅಂಗಡಿಯವನು ಒತ್ತಿದ ಇಂಡಿಯಾ ಹಳೆಯದು, ನಿನ್ನ ಅಂಕಿಗಳು ಉಪಗ್ರಹದವು; ಅದನ್ನು ಇದಕ್ಕೆ ಹಾಕಿದರೆ ಜಾಗವೇ ಸರಿಯುತ್ತದಂತೆ, ಒಂದು ಹೊಲ ದಾಟುವಷ್ಟು. ಹೊಸದಾಗಿ ಆಡುವವರೆಲ್ಲ ಒಂದಲ್ಲ ಒಂದು ಕಡೆ ಹೀಗೆ ಎಡವುತ್ತಾರೆ ಎಂದು ಅವನು ನನ್ನ ಮುಖ ನೋಡದೆ ಹೇಳಿದ. ಎಡವಿದವರು ಡಬ್ಬಿ ಸಿಗದೆ ಮನೆಗೆ ಹೋಗುತ್ತಾರೆ. ನಾವು?

ಅವನು ಸರಿಮಾಡಿಕೊಟ್ಟ ಮೇಲೆ ದಾಸವಾಳದ ಹತ್ತಿರ ಹೋಗಿ ನಿಂತೆವು. ಬಾಣ ತಿರುಗಿ ಅಪಾರ್ಟ್‌ಮೆಂಟಿನ ಕಡೆಗೆ ಮುಖ ಮಾಡಿತು. ನಾವು ನಿಂತಿದ್ದ ಜಾಗ ನಮ್ಮ ಹೊಲವೂ ಆಗಿರಲಿಲ್ಲ ಕಣೋ, ಪಕ್ಕದ ಮುನಿಯಪ್ಪನದು. ಬದು ಒತ್ತಿದ್ದಾನೆ ಎಂದು ಅಮ್ಮ ಸಾಯುವ ತನಕ ಯಾರ ಜೊತೆ ಜಗಳವಾಡಿದಳೋ ಅವನ ಹೊಲದ ಮಣ್ಣನ್ನು ನಿನ್ನ ಎದೆಯ ಮೇಲೆ ಹಾಕಿದ್ದೇನೆ. ಅಮ್ಮ ಇದ್ದಿದ್ದರೆ ನನ್ನ ಜೊತೆ ಮಾತು ಬಿಡುತ್ತಿದ್ದಳು.

ಸರೋಜ ಎರಡು ವರ್ಷದಿಂದ ಆ ಅಪಾರ್ಟ್‌ಮೆಂಟಿನಲ್ಲೇ ಹೌಸ್‌ಕೀಪಿಂಗ್ ಕೆಲಸಕ್ಕೆ ಇದ್ದಾಳೆ. ಇದೂ ನಿನಗೆ ಗೊತ್ತಿಲ್ಲದ ಸುದ್ದಿ. ಅವಳು ಹೇಳಿದ್ದಕ್ಕೆ ಸೆಕ್ಯುರಿಟಿಯವನು ನಮ್ಮನ್ನು ಒಳಗೆ ಬಿಟ್ಟ. ಬಾಣ ಹಿಡಿದುಕೊಂಡು ಕಾರುಗಳು ಇಳಿಯುವ ದಾರಿಯಲ್ಲಿ ನೆಲದ ಕೆಳಗಿನ ಪಾರ್ಕಿಂಗಿಗೆ ಇಳಿದೆವು. ಇಳಿಯುತ್ತಿದ್ದಂತೆ ಸೆಟ್ಟು ಉಪಗ್ರಹ ಕಳೆದುಕೊಂಡು ಖಾಲಿಯಾಯಿತು. ಮೇಲೆ ಅಷ್ಟು ಮಹಡಿ ಇದ್ದರೆ ಆಕಾಶ ಎಲ್ಲಿ ಕಾಣುತ್ತದೆ ಅದಕ್ಕೆ. ಉಳಿದದ್ದನ್ನು ಫಯಾಜ್ ಹೆಜ್ಜೆ ಹಾಕಿ ಅಂದಾಜು ಮಾಡಿದ. ಒಂದು ಕಂಬದ ಹತ್ತಿರ ನಿಂತ. ಪಕ್ಕದಲ್ಲಿ ಹೊದಿಕೆ ಹಾಕಿದ ಕಾರು. ಮಣ್ಣೇ ಇಲ್ಲ ಅಲ್ಲಿ. ಅಮ್ಮ ಮಲಗಿದ್ದ ಮಟ್ಟಕ್ಕಿಂತ ಕೆಳಗೆ ನಾವು ನಿಂತಿದ್ದೆವು. ಆ ಲಾರಿಗಳು ಅವಳನ್ನು ಎಲ್ಲಿ ಸುರಿದವೋ...

ಸರೋಜ ಅಂದಳು, "ದಿನಾ ಇಲ್ಲೇ ಕಸ ಗುಡಿಸ್ತೀನಲ್ಲಕ್ಕ ನಾನು."

ಮೇಲೆ ಬಂದು ಫಯಾಜ್ ಫೋನಿನಲ್ಲಿ ನಿನ್ನ ಡಬ್ಬಿಯ ಪುಟ ತೋರಿಸಿದ. ನೀನು ಹೋದ ಮೇಲೂ ಜನ ಬಂದಿದ್ದಾರೆ ಕಣೋ. ಬೇಲಿ ಇದೆ, ಸಿಗಲಿಲ್ಲ. ಕಟ್ಟಡ ಏಳುತ್ತಿದೆ, ಸಿಗಲಿಲ್ಲ. ಗೇಟಿನಲ್ಲಿ ಬಿಡಲಿಲ್ಲ. ಯಾರ ಮಕ್ಕಳೋ, ಗೊತ್ತಿಲ್ಲದವರು, ಅಮ್ಮನ ಹತ್ತಿರಕ್ಕೆ ಬಂದು ಬಂದು ಹೋಗಿದ್ದಾರೆ. ನೀನು ಹೇಳಿದ ಹಾಗೆಯೇ ಆಗಿದೆ. ಡಬ್ಬಿ ಇಲ್ಲದ ಮೇಲೆ ಪುಟ ತೆಗೆಯಿರಿ ಎಂದು ವೆಬ್‌ಸೈಟಿನವರು ಕೇಳಿದ್ದಾರಂತೆ, ತೆಗೆಯಬೇಕಾಗುತ್ತದೆ ಎಂದ. ತೆಗೆಯುವ ಮುಂಚೆ ನಮ್ಮದನ್ನೂ ಒಂದು ಸಾಲು ಹಾಕು ಎಂದೆ. ಏನು ಹಾಕಲಿ ಎಂದು ಕೇಳಿದ. ಎಲ್ಲರೂ ಹಾಕಿದ್ದನ್ನೇ ಹಾಕು ಎಂದೆ. ಬಂದಿದ್ದೆವು, ಸಿಗಲಿಲ್ಲ.

ಸರೋಜ ಈಗ ಆ ಕಂಬದ ಬುಡಕ್ಕೆ ಪೊರಕೆ ಹಾಕುವುದಿಲ್ಲ. ಧೂಳು ಹಾಗೇ ಇದೆಯಲ್ಲಮ್ಮ ಎಂದು ಸೂಪರ್‌ವೈಸರ್ ಬೈದನಂತೆ. ಹೂಂ ಸಾರ್ ಎಂದು ಬಿಟ್ಟೇ ಬಂದಿದ್ದಾಳೆ. ಹಿರಿಯರ ಹಬ್ಬಕ್ಕೆ ಆ ಧೂಳನ್ನು ಒಂದು ಹಿಡಿ ನಿನಗೆ ತರುತ್ತೇನೆ. ಸಿಮೆಂಟಿನದು, ಟೈರಿಗೆ ಅಂಟಿ ಎಲ್ಲೆಲ್ಲಿಂದಲೋ ಬಂದದ್ದು. ಅಮ್ಮನದು ಒಂದು ಕಣವೂ ಅದರಲ್ಲಿ ಇರುವುದಿಲ್ಲ, ನನಗೆ ಗೊತ್ತು. ಈ ಸಲ ಸುಳ್ಳು ಹೇಳಿ ಹಾಕುವುದಿಲ್ಲ. ಜಾಗ ಮಾತ್ರ ಸರಿಯಾದದ್ದು, ತಮ್ಮಾ.