ಹಸಿರು ಚೌಕದ ಮನುಷ್ಯ

ಕುಷಾಯಿಗೂಡ, ಹೈದರಾಬಾದ್
೯ ಫೆಬ್ರುವರಿ ೨೦೨೫, ಭಾನುವಾರ

ವೇದಿಕೆಯ ಮೇಲೆ ಆಸೀನರಾದ ಮಾನ್ಯ ಬಂಡವಾಳದಾರರೇ, ಕುರ್ಚಿ ಸಿಗದೆ ಕೆಳಗೆ ನಿಂತಿರುವ ಮಾನ್ಯ ಸಾಲಗಾರರೇ, ಉದಯೋನ್ಮುಖ ಮಾರುಕಟ್ಟೆ ಎಂಬ ಊರಿಗೆ ಹೊರಟು ದಾರಿ ತಪ್ಪಿದ ಸಮಸ್ತ ಕಂಪನಿಗಳೇ, ಮತ್ತು ಈ ಮಹಾಸಭೆಗೆ ನಿಜವಾಗಿಯೂ ಹಾಜರಾಗಿರುವ ಏಕೈಕ ಶ್ರೋತೃಗಳಾದ ಅಡಿಸ್ ಅಬಾಬಾದ ನಮ್ಮ ಯಜಮಾನರೇ,

ನಿಮ್ಮ ಧರ್ಮಪತ್ನಿ ಶಾಂಭವಿಯ ನಮಸ್ಕಾರಗಳು.

ಫೋನ್ ಇರುವಾಗ ಕಾಗದವೇಕೆ ಎನ್ನಬೇಡಿ. ಕಂಪನಿಯ ವಸತಿಮನೆಯಲ್ಲಿ ನಾಲ್ಕು ಜನರ ನಡುವೆ ಕೂತು ನೀವು ಫೋನ್ ಎತ್ತುತ್ತೀರಿ. ನಾನು ಏನು ಕೇಳಿದರೂ ‘ಎಲ್ಲಾ ಆರಾಮ ಐತಿ, ನೀ ಹ್ಯಾಂಗಿದಿ’ ಎಂದು ಒಂದೇ ಪಾಠ ಒಪ್ಪಿಸುತ್ತೀರಿ. ನಮ್ಮ ಫಿಟ್ಟರ್ ನಿಶಾಂತ ಮಂಗಳವಾರ ಅಲ್ಲಿಗೆ ಬರುತ್ತಾನೆ. ಇದನ್ನು ಅವನ ಕೈಯಲ್ಲಿ ಕೊಡುತ್ತಿದ್ದೇನೆ. ಅದೇ ಚೀಲದಲ್ಲಿ ನೀವು ಸಹಿ ಹಾಕಬೇಕಾದ ಕಾಗದಗಳೂ ಬರುತ್ತಿವೆ. ಮೊದಲು ಇದನ್ನು ಓದಿ.

ಗುರುವಾರ ನಮ್ಮ ಪಂಪ್ ಕಾರ್ಖಾನೆಯಲ್ಲಿ, ಅಡಿಸ್ ಅಬಾಬಾದ ಶಾಖೆಗೆ ಬಂದೊದಗಿದ ಅಪಾಯಗಳ ಬಗ್ಗೆ ದೊಡ್ಡ ಸಭೆ ನಡೆಯಿತು. ರವಾನೆ ವಿಭಾಗದ ಗುಮಾಸ್ತೆಯಾದ ನನ್ನನ್ನು ನಡಾವಳಿ ಬರೆಯಲು ಕೂರಿಸಿದರು. ಮಾದಾಪುರದಿಂದ ಆನಂದಕುಮಾರ ಎಂಬ ಸಲಹೆಗಾರ ಬಂದಿದ್ದ. ಬೀದರ ಕಡೆಯವನೇ, ವಯಸ್ಸು ನನ್ನ ಮದುವೆ ಸೀರೆಗಿಂತ ತುಸು ಹೆಚ್ಚು. ಗೋಡೆಯ ಮೇಲೆ ಕೆಂಪು, ಹಳದಿ, ಹಸಿರು ಚೌಕಗಳ ಪಟವೊಂದನ್ನು ಮೂಡಿಸಿ, ಸರ್ಕಾರ ಬದಲಾದೀತು, ತೆರಿಗೆ ಹೆಚ್ಚೀತು, ಬಡ್ಡಿ ಏರೀತು ಎಂದು ಪಂಚಾಂಗ ಓದಿದ. ಪಂಚಾಂಗದವರು ಅಕ್ಕಿ, ಬೆಲ್ಲ, ದಕ್ಷಿಣೆಗೆ ತೃಪ್ತರಾಗುತ್ತಾರೆ. ಇವನ ದಕ್ಷಿಣೆಗೆ ಜಿಎಸ್‌ಟಿ ಬೇರೆ.

ಕೆಂಪು ಚೌಕದಲ್ಲಿ ನಾಣ್ಯದ ಕುಸಿತ. ಅಲ್ಲಿಯ ಸರ್ಕಾರ ಹೋದ ಜುಲೈನಲ್ಲಿ ಬಿರ್ ಹಣವನ್ನು ಮಾರುಕಟ್ಟೆಯ ಕೈಗೆ ಬಿಟ್ಟಿತು, ಡಾಲರಿನ ಮುಂದೆ ಅದರ ಬೆಲೆ ಅರ್ಧಕ್ಕೂ ಕೆಳಗಿಳಿಯಿತು ಎಂಬುದನ್ನು ನಿಮಗೆ ನಾನು ಹೇಳಬೇಕಾಗಿಲ್ಲ. ಪಂಪ್ ಮಾರುವುದು ಬಿರ್‌ನಲ್ಲಿ, ಮೋಟರ್ ತರಿಸುವುದು ಡಾಲರಿನಲ್ಲಿ. ಎರಡು ಮೋಟರ್ ಬರುತ್ತಿದ್ದ ದುಡ್ಡಿಗೆ ಈಗ ಒಂದೂ ಬಾರದು. ದರ ಏರಿಸಿದರೆ ಕೊಳ್ಳುವವರು ಅಂಗಡಿ ಮೆಟ್ಟಿಲು ಹತ್ತರು. ಇಷ್ಟು ಹೇಳಲು ಅವನಿಗೆ ಮಧ್ಯಾಹ್ನದ ಊಟದವರೆಗೆ ಹೊತ್ತು ಬೇಕಾಯಿತು. ನಾನು ನಡಾವಳಿಯ ಅಂಚಿನಲ್ಲಿ ಬರೆದುಕೊಂಡೆ: ಬಿರ್ ಬಿತ್ತು, ಬೋರ್ಡು ಬೆವರಿತ್ತು, ಬಣ್ಣ ಬಳಿದವನ ಬಿಲ್ಲು ಮಾತ್ರ ಬೆಳೆದಿತ್ತು.

ಹಳದಿ ಚೌಕದಲ್ಲಿ ಹುಚ್ಚೆಳ್ಳು, ಅಂದರೆ ನಮ್ಮ ಗುರೆಳ್ಳು. ನಗಬೇಡಿ, ನಗುವ ಹಕ್ಕು ನನ್ನದು. ಅಲ್ಲಿಯ ಬ್ಯಾಂಕಿನಲ್ಲಿ ಡಾಲರ್ ಸಿಗದೆ ಗಳಿಕೆ ಅಲ್ಲೇ ಸಿಕ್ಕಿಬಿದ್ದಾಗ, ಆ ಹಣಕ್ಕೆ ಅಲ್ಲಿಯ ಫಸಲು ಕೊಂಡು, ಹೊರಗೆ ಮಾರಿ, ಡಾಲರ್ ಮಾಡಿಕೊಳ್ಳುವುದು ಬುದ್ಧಿವಂತರ ದಾರಿಯಂತೆ. ಬುದ್ಧಿವಂತರು ಕಾಫಿ ಕೊಂಡರಂತೆ. ನೀವು? ‘ಸರ್, ನಮ್ಮ ಕಲಬುರಗಿ ಕಡೆ ಗುರೆಳ್ಳು ಹಿಂಡಿ ಇಲ್ದ ರೊಟ್ಟಿ ಗಂಟಲದಾಗ ಇಳಿಯಂಗಿಲ್ರಿ, ಮಾಲು ಬಂದರಿನ್ಯಾಗನ ಖಾಲಿ ಆಗ್ತೈತಿ’ ಎಂದು ನಮ್ಮ ಮಾಲಕ ವೈಜನಾಥ ರಾಯರಿಗೆ ನಿಮ್ಮ ಹರಕು ತೆಲುಗಿನಲ್ಲಿ ಫೋನ್ ಮಾಡಿ ಹೇಳಿದಿರಿ. ಅವರು ನನ್ನನ್ನು ಊಟದ ಡಬ್ಬಿ ಸಮೇತ ಒಳಗೆ ಕರೆಸಿ, ಒಂದು ಚಿಟಿಕೆ ಹಿಂಡಿ ನೆಕ್ಕಿ, ‘ಬಾಗುಂದಿ’, ಚೆನ್ನಾಗಿದೆ, ಎಂದರು. ಅಲ್ಲಿಗೆ ಮಾರುಕಟ್ಟೆಯ ಸಮೀಕ್ಷೆ ಮುಗಿಯಿತು.

ರೊಟ್ಟಿಯ ಮಗ್ಗುಲಿಗೆ ಬೀಳುವ ಒಂದು ಚಮಚ ಪುಡಿಯನ್ನು ಕಂಡು ಹಡಗು ತುಂಬಿಸಿದ ಮಹಾನುಭಾವರು ಜಗತ್ತಿನಲ್ಲಿ ನೀವಿಬ್ಬರೇ ಇರಬೇಕು. ನಮ್ಮವ್ವ ಒಂದು ಸೇರು ಗುರೆಳ್ಳನ್ನು ದೀಪಾವಳಿಯಿಂದ ಯುಗಾದಿಯವರೆಗೆ ಓಡಿಸುತ್ತಿದ್ದಳು, ಅವಳನ್ನಾದರೂ ಕೇಳಬಹುದಿತ್ತು. ಹೊರದೇಶದ ಬೀಜ ತರಿಸಲು ಮೊದಲೇ ಪರವಾನಗಿ ಬೇಕು ಎಂಬುದು ಯಾರಿಗೂ ಹೊಳೆಯಲಿಲ್ಲ. ಮಾಲು ಮುಂಬೈ ಬಂದರಿನಲ್ಲಿ ಹುಳು ಪರೀಕ್ಷೆಯವರ ಬೀಗದೊಳಗೆ ಕೂತು, ದಿನದಿನದ ಬಾಡಿಗೆ ತಿನ್ನುತ್ತಿದೆ. ಇದಕ್ಕೆ ಆನಂದಕುಮಾರ ಕೊಟ್ಟ ಹೆಸರು ‘ಅನಿರೀಕ್ಷಿತ ಬಾಹ್ಯ ಆಘಾತ’. ನಮ್ಮ ಕಡೆ ಇದಕ್ಕೆ ಬೇರೆ ಹೆಸರಿದೆ. ಹೆಂಗಸಾದ ನಾನು ಬರೆಯಬಾರದು.

ಇನ್ನು ಹಸಿರು ಚೌಕ. ಅದರಲ್ಲಿ ಹೀಗಿತ್ತು: ‘ಸ್ಥಳೀಯ ಮುಖ್ಯಸ್ಥ. ನಿಷ್ಠಾವಂತ. ಬಿಟ್ಟುಹೋಗುವ ಸಾಧ್ಯತೆ ಕಡಿಮೆ. ಕುಟುಂಬದ ಒತ್ತಡ ಇಲ್ಲ.’

ನಾನು ಪೆನ್ನು ಕೆಳಗಿಟ್ಟು, ಇದು ಯಾರ ಬಗ್ಗೆ ಬರ್ದೀರಪಾ ಎಂದು ಕೇಳಿದೆ. ‘ಅದು ರಿಸೋರ್ಸ್ ರೀ ಮೇಡಂ’ ಎಂದ. ನಾನು ಕನ್ನಡ ಮಾಧ್ಯಮದ ಬಿ.ಕಾಂ. ನೋಡಿ, ನನಗೆ ತಿಳಿಯಲಿಲ್ಲವೆಂದುಕೊಂಡು ನಿಧಾನವಾಗಿ ಇನ್ನೊಮ್ಮೆ ಹೇಳಿದ. ‘ಆ ರಿಸೋರ್ಸಿಗೆ ನಾ ಹೆಂಡ್ತಿ ಆಗಬೇಕ್ರಿ’ ಎಂದೆ. ಸಭೆ ಕೆಮ್ಮಿತು. ಪುಣ್ಯಾತ್ಮನಿಗೆ ಬೆವರು ಬಂದು, ಆ ಸಾಲನ್ನು ಹಳದಿ ಮಾಡಲೇ ಎಂದು ಮಾಲಕರ ಮುಖ ನೋಡಿದ. ಅವರು ‘ಅವಸರಂ ಲೇದು’ ಎಂದರು. ಬೇಕಾಗಿಲ್ಲವಂತೆ. ನಮ್ಮ ಸಂಸಾರದ ವರದಿ ಅವರ ಬಳಿ ಮೊದಲೇ ಇದ್ದಂತಿತ್ತು.

ಆಮೇಲೆ ಪರಿಹಾರ ಹೇಳಿದರು. ಅಲ್ಲಿಯ ಶಾಖೆಯ ದಾಖಲೆಗಳಿಂದ ಮಾಲಕರ ಹೆಸರೂ ಅವರ ಮಗನ ಹೆಸರೂ ಹೊರಗೆ, ನಿಮ್ಮ ಹೆಸರು ಒಳಗೆ. ಅಲ್ಲಿಯ ಬ್ಯಾಂಕಿನ ಸಾಲಕ್ಕೆ ಇನ್ನು ಮುಂದೆ ಜಾಮೀನುದಾರರು ನೀವು. ಸಾಲ ತೀರುವವರೆಗೆ ಜಾಮೀನುದಾರ ದೇಶ ಬಿಟ್ಟು ಹೊರಡುವಂತಿಲ್ಲ. ಇದು ಒಳಗಿನ ಪುಟದಲ್ಲೆಲ್ಲೋ ಸಣ್ಣ ಅಕ್ಷರದಲ್ಲಿದೆ. ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ‘ಡೈರೆಕ್ಟರ್’ ಎಂದಿದೆ. ನೀವು ಮೊದಲ ಪುಟ ಓದಿ ಕೊನೆಯ ಪುಟಕ್ಕೆ ಸಹಿ ಹಾಕುವ ಪೈಕಿ ಎಂಬುದು ಅವರಿಗೂ ಗೊತ್ತು, ನನಗೂ ಗೊತ್ತು. ಶಾಖೆ ಮುಳುಗಿದರೆ ಯಾರು ಹೊಣೆ ಎಂದು ಲೆಕ್ಕಪರಿಶೋಧಕರು ಕೇಳಿದ್ದಕ್ಕೆ ಮಾಲಕರು ಪ್ರೀತಿ ಉಕ್ಕಿ, ‘ಮನ ದತ್ತು ಉನ್ನಾಡು ಕದಾ’ ಎಂದರು. ನಮ್ಮ ದತ್ತು ಇದ್ದಾನಲ್ಲ! ಗಳಿಕೆಯಾದರೆ ಗದ್ದುಗೆ ಅವರಿಗೆ, ಗಂಡಾಂತರವಾದರೆ ಗಂಟು ನಿಮ್ಮ ಹೆಗಲಿಗೆ.

ನಿಮ್ಮ ನಿಷ್ಠೆ ನನಗೇನು ಹೊಸದಲ್ಲ. ಮೂರು ವರ್ಷದ ಹಿಂದೆ ಕ್ಯಾಂಟೀನಿನಲ್ಲಿ ಬಂಡೆಮ್ಮ ನನ್ನ ಕೈಗೆ ಲಡ್ಡು ಇಟ್ಟು, ‘ಸಾಹೇಬ್ರು ಆಫ್ರಿಕಾಕ್ಕ ಹೊಂಟಾರಂತಲ್ರಿ ಅಕ್ಕಾ, ನೀವು ಹೇಳಲೇ ಇಲ್ಲ ನೋಡ್ರಿ’ ಎಂದಾಗಲೇ ನೀವು ಹೋಗುವ ಸುದ್ದಿ ನನಗೆ ತಿಳಿದದ್ದು. ಲಡ್ಡು ತಿಂದೆ. ತುಪ್ಪದ್ದಿತ್ತು, ಬಿಡಲಾಗಲಿಲ್ಲ. ಸಂಜೆ ಕೇಳಿದರೆ ‘ಮಾಲಕರ ಮಾತು ಹ್ಯಾಂಗ ತೆಗದುಹಾಕ್ಲಿ’ ಎಂದಿರಿ. ನನ್ನ ಮಾತು ತೆಗೆದುಹಾಕುವುದು ಮಾತ್ರ ನಿಮಗೆ ಯಾವತ್ತೂ ಕಷ್ಟವಾಗಲಿಲ್ಲ. ಅಂದಿನಿಂದ ನಮ್ಮ ದಾಂಪತ್ಯ ಹಬ್ಬಕ್ಕೊಂದು ಫೋನು, ಫೋನಿಗೊಂದು ಮೌನ ಎಂದು ನಡೆದಿದೆ. ಇಂಥ ಗಂಡಸು ಯಾವ ದೇಶದಲ್ಲಿ ಜಾಮೀನಾಗಿ ಕೂತರೆ ನನಗೇನು ಎಂದು ಗುರುವಾರ ಮನೆಗೆ ಬರುವಾಗ ದಾರಿಯುದ್ದಕ್ಕೂ ಹೇಳಿಕೊಂಡೆ. ಪ್ರಾಸ ಕಟ್ಟಿ ಹೇಳಿಕೊಂಡೆ. ಗಂಡ ಗಡಿಯಾಚೆ, ಗೋಳು ಗುಡ್ಡದಾಚೆ…

ಮುಂದಿನ ಸಾಲು ಬರುತ್ತಿಲ್ಲ.

ಸಭೆಯೂ ಇಲ್ಲ, ಭಾಷಣವೂ ಇಲ್ಲ ರೀ. ನನಗೆ ಹೆದರಿಕೆಯಾಗಿದೆ. ನೀವು ಬರಲಾಗದೆ ಹೋದರೆ ಎಂದು ನೆನೆದು ನಡುರಾತ್ರಿ ಎದ್ದು ದೀಪ ಹಾಕಿ ಕೂರುತ್ತೇನೆ. ಸಹಿ ಹಾಕಬೇಡಿ. ಕೆಲಸ ಹೋದರೆ ಹೋಗಲಿ. ಸಿಕ್ಕ ವಿಮಾನ ಹತ್ತಿ ಬಂದುಬಿಡಿ.

ನಿಮ್ಮ
ಶಾಂಭವಿ

ತಾ. ಕ.: ಈ ಕಾಗದ ಬರೆಯಲು ಹೇಳಿದವರು ಮಾಲಕರೇ. ಶುಕ್ರವಾರ ಕರೆಸಿ, ಸಹಿ ಹಾಕು ಎಂದು ನಿನ್ನ ಗಂಡನಿಗೆ ಎರಡು ಬುದ್ಧಿಮಾತು ಬರೆ, ರವಾನೆ ವಿಭಾಗದ ಮುಖ್ಯಸ್ಥೆಯ ಕುರ್ಚಿ ನಿನಗೇ ಎಂದರು. ಬರೆಯುತ್ತೇನೆ ಎಂದೆ. ಬರೆದಿದ್ದೇನೆ. ಅವರಿಗೆ ಕನ್ನಡ ಓದಲು ಬಾರದು. ನನ್ನ ಬುದ್ಧಿಮಾತೇ ಏಕೆ ಬೇಕು ಎಂದು ಕೇಳಿದ್ದಕ್ಕೆ ಸಿಡುಕಿದರು: ಡೈರೆಕ್ಟರ್ ಮಾಡುತ್ತೇವೆ ಎಂದರೂ ನೀವು ಒಪ್ಪದೆ, ‘ಮನ್ಯಾಗ ಕೇಳಿ ಹೇಳ್ತೀನ್ರಿ’ ಎಂದಿರಂತೆ. ಆ ಮಾತನ್ನೂ ನಾನು ಇನ್ನೊಬ್ಬರ ಬಾಯಿಂದಲೇ ಕೇಳಬೇಕಾಯಿತು. ಆದರೂ ಅಂದಿರಲ್ಲ.