ಉಸಿರುಕೋಣೆಯ ಎರಡು ಸಾಲು

ಕಡಲಡಿಯೂರು, ೩೦ ಫೆಬ್ರವರಿ ೨೪೧೭

ಕಂಪೈಲರ್ ಬರೆಯುತ್ತಿರುವ ಹಿರಿಯರಿಗೆ ದಾಮಣ್ಣನ ನಮಸ್ಕಾರ.

ತಾರೀಖು ನೋಡಿ ನಗಬೇಡಿ. ನಮ್ಮ ಪಂಚಾಂಗದಲ್ಲಿ ಅದು ಉಂಟು. ಮಾತು ವಿಚಿತ್ರವೆನಿಸಿದರೆ ಮನ್ನಿಸಿ. ಓದಿದ್ದು ಊರ ಶಾಲೆಯ ಏಳನೆಯ ತರಗತಿವರೆಗೆ. ಆದರೂ ನೀರಿನಡಿಯ ಈ ಊರಲ್ಲಿ ನನ್ನಷ್ಟು ಬುದ್ಧಿವಂತ ಇನ್ನೊಬ್ಬನಿಲ್ಲ. ನಾನೇ ವಿಚಾರಿಸಿ ನೋಡಿದ್ದೇನೆ.

ನಮ್ಮಲ್ಲಿ ಮದುವೆಯಾದರೆ ಎರಡು ಮನೆಗಳ ನಡುವೆ ಉಸಿರುಕೋಣೆ ಕಟ್ಟುತ್ತೇವೆ: ಗಾಳಿ ತುಂಬಿದ ಸಣ್ಣ ಕೋಣೆ, ಎರಡು ಕಡೆಗೂ ಗಾಜಿನ ಬಾಗಿಲು. ನನ್ನ ಅಕ್ಕ ಚಂಪಕ್ಕ ತನ್ನ ಮಗಳು ಶಾಲ್ಮಲಿಯ ಮದುವೆಗೆ ಕಟ್ಟಿಸಿದ ಕೋಣೆಯನ್ನು ಒರೆಸಲು ಒಳಹೋದಳು. ಅಷ್ಟರಲ್ಲಿ ಬಾಗಿಲು ನಡೆಸುತ್ತಿದ್ದ ತಾತ್ಕಾಲಿಕ ಪ್ರೋಗ್ರಾಮ್ ಕೆಟ್ಟು ಎರಡೂ ಮುಚ್ಚಿಕೊಂಡವು, ಗಾಳಿಯ ಕೊಳವೆಯೂ ನಿಂತಿತು. ಬಾಗಿಲು ತೆರೆಯಲು ಉಳಿದದ್ದು ಎರಡೂ ಮನೆಯವರು ಬರೆದಿಟ್ಟಿದ್ದ ಅಸಲು ಪ್ರೋಗ್ರಾಮ್ ಒಂದೇ. ಅದನ್ನು ಯಂತ್ರದ ಭಾಷೆಗೆ ಇಳಿಸಬೇಕಾದದ್ದು ನಿಮ್ಮ ಕಂಪೈಲರ್. ಅದು ಓಡಿಸಿದೊಡನೆ ಬಿದ್ದುಹೋಯಿತು. ಯಾವ ಸಾಲು, ಏನು ತಪ್ಪು, ಒಂದು ಮಾತೂ ಇಲ್ಲ.

ಗಾಜಿನಾಚೆ ಅಕ್ಕ ಗೋಡೆಗೊರಗಿ, ಉಸಿರು ಉಳಿಯಲೆಂದು ಮಾತು ಉಳಿಸಿಕೊಂಡು ಕೂತಿದ್ದಳು. ಅವಳು ಸುಮ್ಮನಿದ್ದುದನ್ನು ನಾನು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಹೆದರಿದೆ.

“ಯಂತ್ರಕ್ಕೆ ಎರಡು ಬಿಗಿಯಲೇನೇ?” ಎಂದು ಯಂತ್ರದ ಮುಂದೆ ಕೂತಿದ್ದ ಸೊಸೆಯನ್ನು ಕೇಳಿದೆ.

“ಮಾವಾ, ಸುಮ್ನಿರಿ. ಪ್ರೋಗ್ರಾಮಲ್ಲಿ ಅರ್ಧ ತೆಗೆದು ಓಡಿಸ್ತೀನಿ,” ಎಂದಳು ಶಾಲ್ಮಲಿ.

ಅರ್ಧ ತೆಗೆದರೂ ಬಿತ್ತು. ಉಳಿದುದರಲ್ಲಿ ಅರ್ಧ ತೆಗೆದಳು, ಬೀಳಲಿಲ್ಲ. ಹಾಗಾದರೆ ರೋಗ ಈಗ ತೆಗೆದ ತುಂಡಿನಲ್ಲೇ ಇದೆ. ಅದನ್ನು ಮತ್ತೆ ಸೀಳಿದಳು. ಅಕ್ಕನ ತಲೆ ಎದೆಗೆ ಬಾಗಿತು. ಕೊನೆಗೆ ಎರಡೇ ಸಾಲು ಉಳಿದವು, ಎರಡೂ ಟೈಪಿನವು. ಟೈಪ್ ಎಂದರೆ ಬಾಗಿಲು ಯಾವ ಬಗೆಯ ಅಳತೆಗೆ ತೆರೆಯಬೇಕು, ಗಾಳಿಯ ಒತ್ತಡಕ್ಕೋ ನೀರಿನ ಮಟ್ಟಕ್ಕೋ, ಎಂಬ ಕಟ್ಟಳೆ.

ಅಕ್ಕ ಬರೆದಿದ್ದಳು: ನಮ್ಮ ಬಾಗಿಲಿನ ಟೈಪ್ ಬೀಗರ ಬಾಗಿಲಿನದ್ದೇ. ಬೀಗ ಕೋಟಯ್ಯನವರು ಬರೆದಿದ್ದರು: ನಮ್ಮದು ಬೀಗಿತ್ತಿಯ ಬಾಗಿಲಿನದ್ದೇ.

“ಅಯ್ಯೋ, ಪಂಕ್ತೀಲಿ ಕೂತ ಬೀಗರು ಕಣೇ! ನೀವು ಮೊದಲು, ನೀವು ಮೊದಲು ಅಂತ ಯಾರೂ ತುತ್ತೆತ್ತಿಲ್ಲ!” ಎಂದು ಕೂಗಿದೆ. ಈ ಕೀರ್ತಿ ನನ್ನದೇ. ಕಂಪೈಲರ್ ಪಾಪ, ಇವರನ್ನು ಕೇಳಿ ಅವರಲ್ಲಿಗೆ, ಅವರನ್ನು ಕೇಳಿ ಇವರಲ್ಲಿಗೆ ಓಡಾಡಿ, ನೆನಪು ತುಂಬಿ ಸಾಯುತ್ತಿತ್ತು.

ಶಾಲ್ಮಲಿ ತಾಯಿಯ ಸಾಲು ಅಳಿಸಿ, ಗಾಳಿಯ ಒತ್ತಡ ಎಂದು ನೇರವಾಗಿ ಬರೆದು, ತೆಗೆದುದನ್ನೆಲ್ಲ ಮತ್ತೆ ಸೇರಿಸಿ ಓಡಿಸಿದಳು. ಬಾಗಿಲು ತೆರೆಯಿತು. ಅಕ್ಕ ದೀರ್ಘವಾಗಿ ಉಸಿರೆಳೆದು, “ನಾನು ಸಾಯ್ತಿದ್ರೂ ನಿನ್ನ ಹರಟೆ ನಿಲ್ಲಲಿಲ್ವಲ್ಲೋ,” ಎಂದಳು.

ಹಿರಿಯರೇ, ನಮ್ಮ ಜನ ಮರ್ಯಾದೆ ಬಿಡುವವರಲ್ಲ. ಇಂಥ ಸಾಲು ಇನ್ನೂ ಬರೆಯುತ್ತಾರೆ. ಬಂದ ಬಾಗಿಲಿಗೇ ಮತ್ತೆ ಬಂದೆನೆಂದು ತಿಳಿದ ಕೂಡಲೇ ನಿಲ್ಲುವುದನ್ನು ನಿಮ್ಮ ಕಂಪೈಲರ್‌ಗೆ ಇಂದೇ ಕಲಿಸಿ. ಬೀಳಲೇಬೇಕಾದರೆ, ಯಾವ ಸಾಲೆಂದು ಹೇಳಿ ಬೀಳಲಿ. ಗಾಜಿನಾಚೆ ಯಾರೋ ಮಾತು ಉಳಿಸಿಕೊಂಡು ಕೂತಿರುತ್ತಾರೆ.